ಕಡಲು ತೋರಿಸುವವರು

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಬೆಳೆದವರಿಗೆ ದೂರವೆಂದರೆ ರೈಲಿನ ಕೂಗು. ಒಂದು ಗಾಡಿ ಮುಂಬೈ ಕಡೆಗೆ ಹೋಗುತ್ತದೆ, ಇನ್ನೊಂದು ಚೆನ್ನೈ ಕಡೆಗೆ. ಹಳಿಯ ಎರಡೂ ತುದಿಗೆ ಸಮುದ್ರವಿದೆ. ನಡುವಿನ ಸುಡುವ ನೆಲದಲ್ಲಿ ನಾವಿದ್ದೇವೆ.

*

ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ ಫರಸಿ ಒಂದು ಕಾಲದಲ್ಲಿ ಆಳವಿಲ್ಲದ ಸಮುದ್ರದ ತಳವಾಗಿತ್ತು. ಭೂಮಿಯ ಮೇಲೆ ಹುಲ್ಲೂ ಇಲ್ಲದ, ಹಕ್ಕಿಯೂ ಇಲ್ಲದ ಕಾಲ ಅದು. ಸುಣ್ಣದ ಕೆಸರು ತಳದಲ್ಲಿ ಪದರದ ಮೇಲೆ ಪದರವಾಗಿ ಕೂತು ಕಲ್ಲಾಯಿತು. ಅದಕ್ಕೇ ಗಣಿಯಲ್ಲಿ ಆ ಕಲ್ಲು ಹಾಳೆ ಹಾಳೆಯಾಗಿ ಬಿಡುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಕುಲುಮೆಗೆ ಹಾಕುವುದೂ ಅದೇ ಕಡಲನ್ನೇ. ಮೇ ತಿಂಗಳ ಮಧ್ಯಾಹ್ನ ತಂಪಿಗೆಂದು ಫರಸಿಯ ಮೇಲೆ ಬರಿಮೈಯಲ್ಲಿ ಮಲಗುವ ಕಲಬುರಗಿಯ ಮಂದಿಗೆ ಸಮುದ್ರದ ನಂಟು ಮೈಗೆ ಅಂಟಿದ್ದು. ಹೇಳುವವರು ಇರಲಿಲ್ಲ, ಅಷ್ಟೆ.

*

ನಮ್ಮ ಭೀಮೆ ಹುಟ್ಟುವುದು ಭೀಮಾಶಂಕರದ ಬೆಟ್ಟದಲ್ಲಿ. ಅಲ್ಲಿಂದ ಅರಬ್ಬೀ ಸಮುದ್ರಕ್ಕೆ ನೇರ ಅಳೆದರೆ ನೂರು ಕಿಲೋಮೀಟರೂ ಇಲ್ಲ. ಆದರೂ ಪೂರ್ವಕ್ಕೆ ಮುಖ ಮಾಡಿ 861 ಕಿ.ಮೀ. ಹರಿದು, ಕೃಷ್ಣೆಯ ಕೈ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹತ್ತಿರದ ಕಡಲು ಬಿಟ್ಟು ದೂರದ ಕಡಲಿಗೆ ಹೊರಟ ನದಿ ದಾರಿಯಲ್ಲಿ ನಮ್ಮನ್ನು ಸಾಕುತ್ತದೆ.

*

ಕಲಬುರಗಿಗೆ ವರ್ಷಕ್ಕೆ ಬೀಳುವ ಮಳೆ 700–800 ಮಿಲಿಮೀಟರ್. ಹೊನ್ನಾವರದ ಕರಾವಳಿಗೆ 3000 ದಾಟುತ್ತದೆ. ಎರಡೂ ಕಡೆಗೆ ಮೋಡ ಕಳಿಸುವುದು ಮುಂಗಾರಿನ ಅದೇ ಗಾಳಿ. ಸಹ್ಯಾದ್ರಿ ಮೊದಲು ಕುಡಿಯುತ್ತದೆ, ಉಳಿದದ್ದು ನಮ್ಮ ತೊಗರಿಗೆ. ಅಲ್ಲಿಯ ಕಾಡು ಬೋಳಾದರೆ ನಮ್ಮ ಪಾಲು ಹೆಚ್ಚಾದೀತು ಎಂದು ಲೆಕ್ಕ ಹಾಕುವವರಿದ್ದರೆ ಅವರನ್ನು ಒಂದು ಸಲ ಘಟ್ಟದ ಮೇಲೆ ನಿಲ್ಲಿಸಬೇಕು. ಎಲೆಯಿಂದೇಳುವ ಹಬೆ ಮತ್ತೆ ಮೋಡವಾಗಿ ಪೂರ್ವಕ್ಕೆ ಸರಿಯುವುದು ಅಲ್ಲಿ ಬರಿಗಣ್ಣಿಗೇ ಕಾಣುತ್ತದೆ.

*

ಬಯಲುಸೀಮೆಯವರು ಮೊದಲ ಸಲ ಕಡಲು ಕಂಡಾಗ ಮಾಡುವ ಕೆಲಸ ಒಂದೇ: ಬೊಗಸೆ ನೀರು ಬಾಯಿಗೆ ಹಾಕಿಕೊಳ್ಳುವುದು. ಉಪ್ಪೆಂಬುದು ಎರಡನೆಯ ತರಗತಿಯ ಮಗುವಿಗೂ ಗೊತ್ತು. ಆದರೂ ನಾಲಿಗೆ ತನ್ನ ಸಾಕ್ಷಿ ಕೇಳುತ್ತದೆ. ಕರಾವಳಿ ನೋಡಲು ಹೋಗಿದ್ದ ನಮ್ಮ ಗುಂಪಿನ ಹಿರಿಯ ಆಯಿ ಒಬ್ಬರು ಸೀರೆಯ ನಿರಿಗೆ ಎತ್ತಿ ಹಿಡಿದು ನಿಂತು, ಬೆರಳು ನೆಕ್ಕಿ, ಮೊಮ್ಮಗನಿಗೆ ಹೇಳಿದರು: “ಖರೇನ ಉಪ್ಪದಲೋ ತಮ್ಮಾ!” ಎಪ್ಪತ್ತು ದಾಟಿದ ಮೇಲೂ ಒಂದು ಕೇಳಿದ ಮಾತನ್ನು ತಾವೇ ಪರೀಕ್ಷಿಸಿ ಒಪ್ಪಿಕೊಂಡ ಆ ಮುಖದ ಹಿಗ್ಗು, ಆಮೇಲೆ ಕಂಡ ಯಾವ ಹಕ್ಕಿಗಿಂತಲೂ ಕಡಿಮೆಯದಾಗಿರಲಿಲ್ಲ.

*

ಕಡಲಿಗೆ ಹೋಗುವುದಕ್ಕೆ ಬಸ್ಸು ಸಾಕು. ಕಡಲು ಕಾಣುವುದಕ್ಕೆ ತೋರಿಸುವವರು ಬೇಕು.

*

ನಮಗೆ ಸಿಕ್ಕ ಗೈಡ್ ಕಾರವಾರದ ಮೀನುಗಾರರ ಮನೆಯ ಹುಡುಗ. ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನು ತರಬೇತಿಯಲ್ಲಿ ಕಲಿತಿದ್ದ. ಅವು ಯಾವ ಇಳಿತಕ್ಕೆ ಯಾವ ಮರಳದಿಬ್ಬಕ್ಕೆ ಬಂದು ಕೂರುತ್ತವೆ ಎಂಬುದನ್ನು ಅಪ್ಪನ ದೋಣಿಯಲ್ಲಿ ಕಲಿತಿದ್ದ. ಮೊದಲನೆಯದಕ್ಕೆ ಪ್ರಮಾಣಪತ್ರ ಸಿಗುತ್ತದೆ. ನಾವು ಅಷ್ಟು ದೂರದಿಂದ ಹೋಗಿದ್ದು ಎರಡನೆಯದಕ್ಕೆ.

*

ಕಾಡನ್ನು ತೋರಿಸುವುದೂ ಒಂದು ಗೌರವದ ಉದ್ಯೋಗವೆಂದು ಕರ್ನಾಟಕ ಗುರುತಿಸಿದ್ದು 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿದಾಗ. ಕಬಿನಿಯಲ್ಲಿ ಅದಕ್ಕೆ ರೂಪ ಕೊಟ್ಟ ಜಾನ್ ವೇಕ್‌ಫೀಲ್ಡ್ ಹಿಂದೆ ಬೇಟೆಗಾರರು. ಬಂದೂಕು ಇಟ್ಟು, ಜೀಪಿನಲ್ಲಿ ಕೂತು, ಬಂದವರಿಗೆ ಆನೆ ತೋರಿಸುತ್ತ ಬಾಳಿನ ಕೊನೆಯವರೆಗೂ ಅಲ್ಲೇ ಉಳಿದರು. ಇಂದು ಕಾರವಾರದ ಕಾಳಿ ಅಳಿವೆಯಾಚೆ ದೇವಬಾಗದಲ್ಲಿ, ದಾಂಡೇಲಿಯಲ್ಲಿ, ಬೆಳಗಿನ ಜಾವ ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಡುವ ಹುಡುಗರ ಕಸುಬಿನ ಮೂಲ ಅಲ್ಲಿದೆ.

*

ಒಳ್ಳೆಯ ಗೈಡ್ ಹೆಚ್ಚು ಬಳಸುವ ಮಾತು “ಇವತ್ತು ಕಾಣುದಿಲ್ರಾ”. ಆ ಮಾತು ಹೇಳಲು ಅಂಜುವವನ ಜೊತೆ ಹೋಗಬಾರದು.

*

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ರಾತ್ರಿ ಹೊತ್ತು, ಹೊನ್ನಾವರದ ಕಾಸರಕೋಡ ಟೊಂಕದ ಮರಳಿಗೆ, ಕುಂದಾಪುರದ ಕೋಡಿಗೆ ಕಡಲಾಮೆಗಳು ಬರುತ್ತವೆ. ಆಲಿವ್ ರಿಡ್ಲಿ ಎಂಬ ಜಾತಿ. ಒಂದೊಂದು ನಲವತ್ತು ಕಿಲೋದಷ್ಟು ತೂಗುತ್ತದೆ. ನೀರಿನಲ್ಲಿ ಹಗುರಾದ ಆ ಮೈಯನ್ನು ಮರಳಿನ ಮೇಲೆ ಎಳೆದುಕೊಂಡು ಬರುವಾಗಿನ ದಣಿವು ನೋಡುವವರ ಉಸಿರಿಗೂ ತಟ್ಟುತ್ತದೆ. ಹಿಂಗಾಲಿನಿಂದ ಕುಳಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮರಳು ಮುಚ್ಚಿ, ಮೈಯನ್ನೇ ಎತ್ತಿ ಎತ್ತಿ ಬಡಿದು ನೆಲ ಗಟ್ಟಿ ಮಾಡಿ ಹೊರಟುಹೋಗುತ್ತದೆ. ತನ್ನ ಒಂದು ಮರಿಯ ಮುಖವನ್ನೂ ಅದು ನೋಡುವುದಿಲ್ಲ.

ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಒಳಗಿನದು ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಮರಳಿನ ಕಾವು. ಹೆಚ್ಚು ಬಿಸಿಯಾದರೆ ಹೆಣ್ಣು, ಕಡಿಮೆಯಾದರೆ ಗಂಡು. ಭೂಮಿ ಕಾಯುತ್ತಿರುವ ಈ ಕಾಲದಲ್ಲಿ ಅವುಗಳ ಕುಲಕ್ಕೆ ಗಂಡುಗಳೇ ಸಾಲದಾದಾವು ಎಂಬ ಆತಂಕ ವಿಜ್ಞಾನಿಗಳಿಗಿದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಿಂದ ಹೋದ ನಮಗೆ ಬಿಸಿಲಿನ ಬಗ್ಗೆ ಹೊಸದಾಗಿ ಯಾರೂ ಹೇಳಬೇಕಿಲ್ಲ ಎಂದುಕೊಂಡಿದ್ದೆವು. ಒಂದು ಡಿಗ್ರಿಯ ಕೈ ಇಷ್ಟು ಉದ್ದವಿದೆಯೆಂದು ಅಲ್ಲಿ ತಿಳಿಯಿತು.

ಹೊರಬಂದ ಮರಿ ಬೆಳಕು ಹೆಚ್ಚಿರುವ ಕಡೆಗೆ ಹರಿಯುತ್ತದೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲ ಮೇಲಿನ ಆಕಾಶದ್ದು. ರೆಸಾರ್ಟಿನ ದೀಪಗಳು ಉರಿಯುವ ತೀರದಲ್ಲಿ ಅದು ರಸ್ತೆಯದ್ದು, ನಾಯಿಗಳದ್ದು, ಚಕ್ರಗಳದ್ದು. ನೂರು ಮಿಲಿಯನ್ ವರ್ಷ ಕಡಲಾಮೆಗಳಿಗೆ ದಾರಿ ತಪ್ಪಿಸದ ನಂಬಿಕೆಯೊಂದನ್ನು ಒಂದು ಬಲ್ಬು ಸುಳ್ಳು ಮಾಡುತ್ತದೆ.

ಮೊಟ್ಟೆಗಳ ಸುತ್ತ ಬಲೆಯ ಬೇಲಿ ಹಾಕಿ ಕಾಯುವವರು ಆ ತೀರದ ಮೀನುಗಾರರು ಮತ್ತು ಅರಣ್ಯ ಇಲಾಖೆಯ ಕಾವಲುಗಾರರು. ಮೀನಿಗೆ ಬೀಸುವ ಬಲೆಯದೇ ತುಂಡು, ಆಮೆಗೆ ಕಾವಲು. ಕೇಳಿದರೆ, ಅದು ನಮ್ಮ ದೇವರು ಎನ್ನುತ್ತಾರೆ ಹಿರಿಯರು. 1972ರ ವನ್ಯಜೀವಿ ಕಾಯ್ದೆ ಅದನ್ನು ಮೊದಲನೆಯ ಪಟ್ಟಿಯಲ್ಲಿ, ಹುಲಿಯ ಸಾಲಿನಲ್ಲಿ ಇಟ್ಟಿದೆ. ಎರಡರಲ್ಲಿ ಯಾವುದು ಆಮೆಯನ್ನು ಹೆಚ್ಚು ಉಳಿಸಿತು ಎಂದು ಹೇಳಲಾರೆ. ಎರಡೂ ಬೇಕು.

*

ಟಾರ್ಚ್ ಆರಿಸಿದ ಮೇಲೆ ಕಣ್ಣು ಒಗ್ಗಲು ಹತ್ತಿಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಸುಮ್ಮನಿರಲಾರದವರಿಗೆ ರಾತ್ರಿ ಏನನ್ನೂ ಕೊಡುವುದಿಲ್ಲ.

*

ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಗಾಳಿಗೆ ತೂಕ ಬರುತ್ತದೆ. ಒಡೆದ ತುಟಿ ಮೆತ್ತಗಾಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. ಬಸ್ಸಿನಲ್ಲಿ ಮಲಗಿದವರೂ ಎಚ್ಚರಾಗುತ್ತಾರೆ.

*

ಅಂಕೋಲಾದ ಶಿರೂರಿನಲ್ಲಿ ಚತುಷ್ಪಥದ ಪಕ್ಕದ ಗುಡ್ಡ 2024ರ ಜುಲೈ 16ರಂದು ಕುಸಿಯಿತು. ಚಹಾದಂಗಡಿ, ಅಲ್ಲಿ ನಿಂತ ಲಾರಿ, ಅವುಗಳೊಳಗಿನ ಜೀವಗಳನ್ನು ಗಂಗಾವಳಿಗೆ ನೂಕಿತು. ಆ ಜಾಗ ಬಂದಾಗ ಗೈಡ್ ಕೈ ತೋರಿಸಿ ಸುಮ್ಮನಾದ. ಕರಾವಳಿ ನೋಡಲು ಬರುವವರೂ ಬೇಗ ತಲುಪಲೆಂದು ಅಗಲಿಸಿದ ರಸ್ತೆ ಅದು. ಅಡಿ ಕೊರೆದ ಗುಡ್ಡ ಮಳೆಯ ಭಾರ ತಾಳದು ಎಂಬುದನ್ನು ಅಲ್ಲಿಯ ಯಾವ ರೈತನಾದರೂ ಹೇಳಬಲ್ಲ. ನಮ್ಮ ಅವಸರವೂ ಆ ಗುಡ್ಡದ ಬುಡ ಕೊರೆದ ಯಂತ್ರಗಳಲ್ಲಿ ಕೂತಿತ್ತು.

*

ಹೊನ್ನಾವರದ ಶರಾವತಿ ಹಿನ್ನೀರಿನ ಕೆಸರಿನಲ್ಲಿ ಕಾಂಡ್ಲಾ ವನದ ನಡುವೆ ಮರದ ಹಲಗೆಯ ಕಾಲುದಾರಿ ಇದೆ. ಅದರ ಮೇಲೆ ಮೆಲ್ಲಗೆ ನಡೆಯಬೇಕು. ನೋಡಬೇಕಾದುದೆಲ್ಲ ಕಾಲ ಕೆಳಗಿದೆ. ಕಾಂಡ್ಲಾ ಗಿಡ ನಿಂತ ನೆಲ ದಿನಕ್ಕೆ ಎರಡು ಸಲ ಮುಳುಗುತ್ತದೆ, ಎರಡು ಸಲ ತೇಲುತ್ತದೆ. ಮೂಟೆ ಹೊತ್ತ ಹಮಾಲ ಕಾಲು ಅಗಲಿಸಿ ನಿಲ್ಲುವ ಹಾಗೆ ಅದು ಬೇರುಗಳನ್ನು ಸುತ್ತ ಚಾಚಿ ನಿಲ್ಲುತ್ತದೆ. ಇನ್ನೊಂದು ಜಾತಿಯದು ಉಸಿರಾಡಲು ಬೇರುಗಳನ್ನೇ ಕೆಸರಿನಿಂದ ಮೇಲಕ್ಕೆ ಕಳಿಸುತ್ತದೆ. ಹೀರಿದ ಉಪ್ಪನ್ನು ಎಲೆಯ ಮೈಯಿಂದ ಹೊರಹಾಕುತ್ತದೆ; ಎಲೆ ಸವರಿ ನಾಲಿಗೆಗಿಟ್ಟರೆ ತಿಳಿಯುತ್ತದೆ.

ಬೀಜದ ಕಥೆ ಇನ್ನೂ ದೊಡ್ಡದು. ಉಪ್ಪುನೀರಿಗೆ ಬಿದ್ದ ಬೀಜ ಮೊಳೆಯುವ ಭರವಸೆಯಿಲ್ಲ. ಅದಕ್ಕೆ ತಾಯಿಮರ ಬೀಜವನ್ನು ಕೊಂಬೆಯಲ್ಲೇ ಮೊಳೆಸಿ, ಗೇಣುದ್ದದ ಸಸಿ ಮಾಡಿ, ಆಮೇಲೆ ಕೆಳಗೆ ಬಿಡುತ್ತದೆ. ಇಳಿತದ ಹೊತ್ತಾದರೆ ಸಸಿ ಕೆಸರಿಗೆ ನೇರ ನಾಟಿಕೊಳ್ಳುತ್ತದೆ. ಉಬ್ಬರವಿದ್ದರೆ ತೇಲಿಕೊಂಡು ಬೇರೆ ದಡ ಹುಡುಕುತ್ತದೆ. ಆಮೆ ಮೊಟ್ಟೆ ಬಿಟ್ಟು ಹೋಗುತ್ತದೆ, ಕಾಂಡ್ಲಾ ಮೊಳಕೆ ಬರುವ ತನಕ ಮಡಿಲಲ್ಲಿಟ್ಟುಕೊಳ್ಳುತ್ತದೆ. ಒಂದೇ ಕಡಲಿನ ಎದುರು ಎರಡು ಬಗೆಯ ತಾಯ್ತನ. ತೀರ್ಪು ಕೊಡಲು ಹೊರಟರೆ ಎರಡೂ ಅರ್ಥವಾಗುವುದಿಲ್ಲ.

*

ಆ ಕೆಸರಿನಲ್ಲಿ ನಡೆಯುವ ಮೀನಿದೆ. ಒಂದೇ ಚಿಮಟ ಮೈಯಷ್ಟು ದೊಡ್ಡದಾಗಿ ಬೆಳೆದ ಏಡಿಯಿದೆ. ಅದನ್ನು ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತದೆ. ಅದೃಷ್ಟವಿದ್ದವರಿಗೆ ನೀರುನಾಯಿಯ ಹೆಜ್ಜೆ ಕಾಣುತ್ತದೆ. ಹುಲಿ ಸಿಗಲಿಲ್ಲವೆಂದು ಮುಖ ಸಣ್ಣ ಮಾಡಿ ಬಂದಿದ್ದ ಹುಡುಗನೊಬ್ಬ ಏಡಿಯ ಎದುರು ಹೊಟ್ಟೆಯ ಮೇಲೆ ಮಲಗಿ ಊಟಕ್ಕೆ ಕರೆದರೂ ಏಳಲಿಲ್ಲ.

*

ಕಡಲಿನ ಗಡಿಯಾರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ನಡೆಯುತ್ತದೆ. ಇವತ್ತಿನ ಉಬ್ಬರ ಆರಕ್ಕಿದ್ದರೆ ನಾಳೆಯದು ಏಳರ ಹತ್ತಿರ. ಪ್ರವಾಸದ ವೇಳಾಪಟ್ಟಿ ಬರೆಯುವವರು ಚಂದ್ರನನ್ನು ಕೇಳಿ ಬರೆಯಬೇಕು. ನಮ್ಮ ಕಡೆ ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ. ಅಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ನೀರು ಎಲ್ಲಿಯವರೆಗೆ ಬರುತ್ತದೆಂದು ನೋಡಿ ದೋಣಿ ಎಳೆದಿಡುತ್ತಾರೆ.

*

ಅಘನಾಶಿನಿಗೆ ಒಂದೂ ಅಣೆಕಟ್ಟಿಲ್ಲ. ಹುಟ್ಟಿದ ಹಾಗೆಯೇ ಹರಿದು ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುತ್ತದೆ. ಅದರ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಬೆರೆಯುವಲ್ಲಿ ಕೈ ಹಾಕಿದರೆ ಚಿಪ್ಪು ಸಿಗುತ್ತದೆ. ಇಳಿತದ ಹೊತ್ತು ನೂರಾರು ಹೆಂಗಸರು, ಗಂಡಸರು ಸೊಂಟದ ನೀರಿನಲ್ಲಿ ನಿಂತು ಬುಟ್ಟಿ ತುಂಬುತ್ತಾರೆ. ದಡದ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರು ನುಗ್ಗಿದರೂ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಬದುಕುವ ಭತ್ತ ಅದು. ಹೊರಗಿನ ಗೊಬ್ಬರ ಬೇಡ, ಔಷಧ ಬೇಡ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟರೆ ಸಿಗಡಿ, ಮೀನು. ಉಳಿದ ಕೂಳೆಯೇ ಮೀನಿಗೆ ಮೇವು, ಮೀನಿನ ಹಿಕ್ಕೆಯೇ ಮುಂದಿನ ಭತ್ತಕ್ಕೆ ಗೊಬ್ಬರ.

ಬರ ತಾಳುವ ಜೋಳ ಸಾಕಿದ ನಮ್ಮ ಹಿರಿಯರೂ ಉಪ್ಪು ತಾಳುವ ಕಗ್ಗ ಸಾಕಿದ ಅವರ ಹಿರಿಯರೂ ಒಬ್ಬರನ್ನೊಬ್ಬರು ಕಂಡವರಲ್ಲ. ಕಂಡಿದ್ದರೆ ಬೀಜದ ವಿಷಯ ಮಾತಾಡುತ್ತ ಬೆಳಕು ಹರಿಸುತ್ತಿದ್ದರು. ಮಾಣಿಕಟ್ಟಾದ ರೈತರು ಇಂದೂ ಕಗ್ಗದ ಬೀಜ ಉಳಿಸಿಕೊಂಡಿದ್ದಾರೆ. ನಮ್ಮ ಗುಂಪಿನ ರೈತರೊಬ್ಬರು ಅಲ್ಲಿಯ ಅಜ್ಜನ ಕೈಯಿಂದ ನಾಲ್ಕು ತೆನೆ ಇಸಿದುಕೊಂಡು, ಬಾಯಲ್ಲಿ ಕಾಳು ಕಡಿದು, “ಕಾಕಾ, ನಮ್ಮ ಸವಳ ಭೂಮಿಗಿ ಇದು ಬಂದೀತೇನ್ರಿ?” ಎಂದು ಕೇಳಿದರು. ಇಡೀ ಪ್ರವಾಸದಲ್ಲಿ ಬೇರೆ ಯಾರೂ ಕೇಳದ ಒಳ್ಳೆಯ ಪ್ರಶ್ನೆ ಅದು.

*

ಆ ಅಳಿವೆಯ ದಡದ ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರಬೇಕಿತ್ತು. ಮೀನುಗಾರರು, ರೈತರು, ವಿಜ್ಞಾನಿಗಳು ಒಟ್ಟಾಗಿ ಬೇಡವೆಂದರು. ಯೋಜನೆ ಹಿಂದೆ ಸರಿಯಿತು. 2024ರಲ್ಲಿ ಅದೇ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿನ ಮುಖ್ಯ ಜೌಗು ನೆಲಗಳಲ್ಲಿ ಒಂದೆನಿಸಿತು. ದೋಣಿಯಲ್ಲಿ ಕೂತು ನಾವು ನೋಡುವ ಚಂದವೆಲ್ಲ ಯಾರೋ ಕಚೇರಿಗಳಿಗೆ ಅಲೆದು, ಅರ್ಜಿ ಬರೆದು, ಕೂಲಿ ಕಳೆದುಕೊಂಡು ಉಳಿಸಿಕೊಟ್ಟದ್ದು. ಟಿಕೆಟ್ಟಿನಲ್ಲಿ ಆ ಬೆಲೆ ಬರೆದಿರುವುದಿಲ್ಲ.

*

ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಬಿಸಿಲೇ ಬಂಡವಾಳ. ನಾವು ಬೈಯುವ ಮಾರ್ಚ್, ಏಪ್ರಿಲ್ ಅಲ್ಲಿ ಸುಗ್ಗಿ. ಮೋಡ ಕವಿದ ದಿನ ಆಗರದವರ ಮುಖವೂ ಕವಿಯುತ್ತದೆ. ಮಳೆಗಾಗಿ ಭಜನೆ ಮಾಡುವ ಊರಿನವರು ಮಳೆ ಬಾರದಿರಲಿ ಎನ್ನುವವರ ಪಕ್ಕ ನಿಂತು, ಅವರ ಬೇಡಿಕೆಯೂ ನ್ಯಾಯವೆಂದು ಒಪ್ಪುವುದಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

*

ಕಾರವಾರ, ಗೋಕರ್ಣ, ಹೊನ್ನಾವರದ ತೀರದ ಹತ್ತಿರ, ಆಳವಿಲ್ಲದ ನೀರಿನಲ್ಲಿ, ಬೆನ್ನ ಮೇಲೆ ಡುಬ್ಬವಿರುವ ಡಾಲ್ಫಿನ್‌ಗಳು ಬಾಳುತ್ತವೆ. ದಡ ಬಿಟ್ಟು ದೂರ ಹೋಗದ ಜಾತಿ. ಅದರ ಕಷ್ಟವೂ ಅದೇ. ಬಲೆ, ಬಂದರು, ಊರಿನ ಕೊಳೆ ಎಲ್ಲವೂ ದಡದಲ್ಲಿಯೇ. ಜಗತ್ತಿನ ಅಳಿವಿನಂಚಿನ ಪಟ್ಟಿಯಲ್ಲಿ ಅದರ ಹೆಸರಿದೆ.

“ಡಾಲ್ಫಿನ್ ಗ್ಯಾರಂಟಿ” ಎಂದು ಬೋರ್ಡು ಹಾಕಿದ ದೋಣಿ ಅವುಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. ನಮ್ಮ ದೋಣಿಯ ಕಾಕಾ ದೂರದಲ್ಲೇ ಇಂಜಿನ್ ನಿಲ್ಲಿಸಿದ. ಅಲೆಯ ತೂಗಾಟಕ್ಕೆ ಹೊಟ್ಟೆ ತೊಳಸಿ ಕೆಲವರು ಗೊಣಗಿದರು. ಬಹಳ ಹೊತ್ತಾದ ಮೇಲೆ, ಯಾರೂ ನೋಡದ ಕಡೆಯಲ್ಲಿ, ಉಸಿರು ಬಿಟ್ಟ ಸದ್ದು ಕೇಳಿಸಿತು. ಮೀನಿನಂತೆ ಕಂಡರೂ ಅದು ನಮ್ಮ ಹಾಗೆ ಗಾಳಿ ಸೇದುವ, ಮರಿಗೆ ಹಾಲೂಡಿಸುವ ಜೀವ. ತಾನಾಗಿ ಬಂದ ಡಾಲ್ಫಿನ್ ನೋಡಿದವರು ಅಟ್ಟಿ ಹಿಡಿದ ಚಿತ್ರವನ್ನು ಯಾರಿಗೂ ತೋರಿಸಲಾರರು.

*

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿ ಮಾಡುವ ಕಾಲ. ಹಸಿವಿರುವವನೇ ಕೈ ಕಟ್ಟಿ ಕೂರುವ ಇಂಥ ನೇಮ, ನೋಡುವುದಕ್ಕೆಂದು ಬರುವ ನಮಗೂ ಇರಬೇಕು. ಆಮೆ ಮೊಟ್ಟೆಯಿಡುವ ತಿಂಗಳಲ್ಲಿ ಕೆಲವು ತೀರಗಳಿಗೆ ರಾತ್ರಿ ಹೋಗದಿರುವುದು ಪ್ರವಾಸದ ಭಾಗವಾಗಬೇಕು.

*

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಅಲೆಗಳಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯ 4 ವಿದ್ಯಾರ್ಥಿನಿಯರು ಹೋದರು. ಅವರೂ ನಮ್ಮಂತೆ ಒಣನೆಲದ ಮಕ್ಕಳು. ಶಾಲೆಯ ಪ್ರವಾಸಕ್ಕೆ ಕಳಿಸಿದ ತಾಯಂದಿರನ್ನು ನೆನೆದರೆ ಮುಂದಿನ ಮಾತು ಹೊರಡುವುದಿಲ್ಲ. ಆದರೂ ಹೇಳಲೇಬೇಕಾದ್ದಿದೆ.

ದಡಕ್ಕೆ ಬಡಿದ ನೀರು ಮರಳಿ ಹೋಗಲು ತನ್ನದೇ ಓಣಿ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ. ನೀರು ಸಮಾಧಾನವಾಗಿ ಕಾಣುತ್ತದೆ. ಭಾವಿ, ಕೆರೆ ಮಾತ್ರ ಕಂಡವರು ಅದನ್ನೇ ಸುರಕ್ಷಿತವೆಂದು ಆರಿಸುತ್ತಾರೆ. ಒಳಗೆ ಸೆಳೆತ ಹಿಡಿದರೆ ದಡಕ್ಕೆ ನೇರ ಈಜಬಾರದು, ಸೋಲುತ್ತೇವೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಆ ಓಣಿ ದಾಟಿ, ಆಮೇಲೆ ದಡಕ್ಕೆ ತಿರುಗಬೇಕು. ಈಜು ಬಾರದವರಿಗೆ ಮೊಣಕಾಲಿನ ನೀರೇ ಗಡಿ. ಇಷ್ಟನ್ನು ಬಸ್ಸು ಹೊರಡುವ ಮೊದಲೇ ಶಾಲೆಯ ಅಂಗಳದಲ್ಲಿ ನಿಲ್ಲಿಸಿ ಹೇಳಬೇಕು. ಸೀಟಿ ಊದುವ ಕಾವಲಿನ ಹುಡುಗನನ್ನು ಬೈಯುವ ದೊಡ್ಡವರನ್ನು ಮಕ್ಕಳು ನೋಡುತ್ತಿರುತ್ತಾರೆ.

*

ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಲ್ಲು ಕಂಬಕಂಬವಾಗಿ ನಿಂತಿದೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಡುವಾಗ ಉಕ್ಕಿದ ಬೆಂಕಿ ತಣ್ಣಗಾಗುತ್ತ ಹೀಗೆ ಸೀಳಿತು. ನಮ್ಮ ಎರೆಭೂಮಿಯ ತಾಯಿಕಲ್ಲು ಅದಕ್ಕಿಂತ ಕಿರಿಯದು, ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಒಡೆದ ನೆಲದ ಗಾಯ ಒಂದು ಕಡೆ ನೋಡುವ ಚಂದವಾಯಿತು, ಇನ್ನೊಂದು ಕಡೆ ತೊಗರಿ ಬೆಳೆಯುವ ಮಣ್ಣಾಯಿತು.

*

ದಾಂಡೇಲಿಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಗಂಡು ಸೀಳುಗಿಂಡಿಯಿಂದ ಹಣ್ಣು ಉಣಿಸುತ್ತದೆ. ಅದರ ಗೂಡಿನ ಹತ್ತಿರ ಗಲಾಟೆಯಾದರೆ ಹಸಿಯುವುದು ಒಂದು ಸಂಸಾರ.

*

1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ತರುಣ ರವೀಂದ್ರನಾಥ ಟಾಗೋರರು ಅಲ್ಲಿ ಬಂದು ಉಳಿದರು, ಕಾಳಿ ನದಿಯಲ್ಲಿ ದೋಣಿ ಹತ್ತಿದರು, ನಾಟಕ ಬರೆದರು. ಇಂದು ಕಾರವಾರದ ತೀರಕ್ಕೆ ಅವರ ಹೆಸರಿದೆ. ಅವರ ದೋಣಿಗೆ ಹುಟ್ಟು ಹಾಕಿದವನ ಹೆಸರು ಉಳಿಯಲಿಲ್ಲ. ಕವಿಗೆ ಕಾಳಿ ತೋರಿಸಿದವನು ಅವನು.

*

ತೋರಿಸುವವನಿಗೆ ಎಷ್ಟು ಸಿಗುತ್ತದೆ ಎಂದು ಕೇಳುವುದು ಅಧಿಕಪ್ರಸಂಗವೆನಿಸೀತು. ನಾನು ಕೇಳುತ್ತೇನೆ. ದೊಡ್ಡ ಪೇಟೆಯ ಕಂಪನಿಯೊಂದಕ್ಕೆ ಆನ್‌ಲೈನಿನಲ್ಲಿ ಕೊಟ್ಟ ಹಣ ತೀರದ ಮನೆ ತಲುಪುವಷ್ಟರಲ್ಲಿ ಬಹಳ ಸವೆದಿರುತ್ತದೆ. ಊರಿನವರ ಹೋಮ್‌ಸ್ಟೇಯಲ್ಲಿ ಉಳಿದು, ಊರಿನ ದೋಣಿ ಹತ್ತಿ, ಊರಿನ ಹುಡುಗನನ್ನು ಗೈಡ್ ಮಾಡಿಕೊಂಡರೆ, ಕಾಂಡ್ಲಾ ಕಡಿಯದೆ ಉಳಿಸುವುದೇ ಲಾಭವೆಂದು ಆ ಊರಿಗೆ ಲೆಕ್ಕ ಸಿಗುತ್ತದೆ. ಕಾಡು ಉಳಿಯಲಿ ಎಂಬ ಆಸೆಗೆ ಕೂಲಿ ಕಟ್ಟಿದಾಗ ಅದು ನಡೆಯುತ್ತದೆ.

*

ಟೊಂಕದ ಮರಳಿನಲ್ಲಿ ವಾಣಿಜ್ಯ ಬಂದರಿನ ಯೋಜನೆ ಬಂದಾಗ ಮೀನುಗಾರರು ಬೀದಿಗಿಳಿದರು. ಆಮೆಯ ಮರಿ ಬಿಡುವ ಫೋಟೋಕ್ಕೆ ಅಲ್ಲಿಗೆ ಹೋಗುವವರಿಗೆ ಅಲ್ಲಿಯ ಮೀನುಗಾರ ಹೆಂಗಸರು ಪೊಲೀಸರ ಎದುರು ನಿಂತ ಕಥೆಯೂ ಗೊತ್ತಿರಬೇಕು.

*

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವುದು ನಮ್ಮ ಕಡೆಯ ರೂಢಿ. ಅದು ಕರಾವಳಿಗೂ ಒಳ್ಳೆಯದು: ಬಟ್ಟೆಯ ಗಂಟು ಮರಳಿ ಮನೆಗೆ ಬರುತ್ತದೆ, ಚಿಪ್ಸಿನ ಚೀಲ ಕಡಲಿಗೆ ಹೋಗುತ್ತದೆ. ಆದರೆ ಒಂದು ಹೊತ್ತಾದರೂ ಅವರ ಕುಚ್ಚಲಕ್ಕಿ ಅನ್ನ ಉಣ್ಣಬೇಕು. ನೆಲದ ರುಚಿ ತಿಳಿಯದೆ ಅಲ್ಲಿಯ ಹಕ್ಕಿಯ ಹೆಸರು ಬರೆದುಕೊಂಡು ಬಂದರೆ ಅರ್ಧ ನೋಡಿದ ಹಾಗೆ.

*

ಕಾರವಾರದ ಮರಳಿನಲ್ಲಿ ಅಲೆಯ ಹಿಂದೆ ಓಡಿ, ಅಲೆ ಬಂದಾಗ ಹಿಂದಕ್ಕೋಡುವ ಪುಟ್ಟ ಹಕ್ಕಿಗಳನ್ನು ತೋರಿಸುತ್ತ ಗೈಡ್ ಹೇಳಿದ: ಇವು ಹಿಮಾಲಯದಾಚೆಯಿಂದ ಬಂದವು, ಬೇಸಿಗೆಗೆ ವಾಪಸು. ಆಗ ನೆನಪಾಯಿತು, ನಮ್ಮ ಹಿಂಗಾರಿ ಜೋಳದ ಹೊಲಕ್ಕೆ ಗುಂಪು ಗುಂಪಾಗಿ ಇಳಿಯುವ ಗುಲಾಬಿ ಕಬ್ಬಕ್ಕಿಗಳೂ ಮಧ್ಯ ಏಷ್ಯಾದಿಂದ ಬರುವವು. ಕವಣೆ ಬೀಸಿ ಓಡಿಸುವಾಗ ಅವುಗಳ ಊರು ಯಾವುದೆಂದು ನಾವು ಕೇಳಿದ್ದಿಲ್ಲ. ಮಿಡತೆಯನ್ನೂ ಅವು ತಿನ್ನುತ್ತವೆಂದು ಯಾರೂ ಹೇಳಿದ್ದಿಲ್ಲ.

*

ನಮ್ಮ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಆ ತೋಟಗಳ ಸುತ್ತಲಿನ ಕುರುಚಲಿನಲ್ಲಿ ಏನೇನಿದೆಯೆಂದು ತೋರಿಸುವವರು ಇನ್ನೂ ಸಿಕ್ಕಿಲ್ಲ.

*

ಚಿಂಚೋಳಿ ವನ್ಯಜೀವಿಧಾಮವನ್ನು ಘೋಷಿಸಿದ್ದು 2011ರಲ್ಲಿ. ಸುಮಾರು 134 ಚದರ ಕಿಲೋಮೀಟರ್ ಒಣಕಾಡು, ನಡುವೆ ಚಂದ್ರಂಪಳ್ಳಿಯ ಕೆರೆ. ತೋಳ, ಕತ್ತೆಕಿರುಬ, ನರಿ, ಚಿಗರಿಗಳ ನೆಲ. ಎತ್ತಿಪೋತದ ಝರಿ ಮಳೆಗಾಲದಲ್ಲಿ ಧುಮ್ಮಿಕ್ಕುತ್ತದೆ. ಸುತ್ತಲಿನ ತಾಂಡಾಗಳ ಮಂದಿಗೆ ಯಾವ ಗಿಡ ಯಾವಾಗ ಹೂ ಬಿಡುತ್ತದೆ, ಕಿರುಬ ಯಾವ ಓಣಿಯಿಂದ ನೀರಿಗೆ ಬರುತ್ತದೆ ಎಂಬುದು ಗೊತ್ತು. ಕಾರವಾರದ ಮೀನುಗಾರರ ಹುಡುಗನಿಗೆ ಸಿಕ್ಕ ತರಬೇತಿ, ಸಮವಸ್ತ್ರ, ಸಂಬಳ ಇಲ್ಲಿಯ ಲಂಬಾಣಿ ಹುಡುಗನಿಗೂ ಸಿಗಬೇಕು. ಜೋಳದ ಹೊಲದ ಬದುವಿನಲ್ಲಿ ಕೂತು ಕಬ್ಬಕ್ಕಿ ತೋರಿಸುವುದೂ ಒಂದು ದಿನದ ಪ್ರವಾಸವಾಗಬಲ್ಲದು. ಶಾಲೆಗಳು ಡಿಸೆಂಬರ್‌ನಲ್ಲಿ ಮುರುಡೇಶ್ವರದ ಬಸ್ಸು ಗೊತ್ತು ಮಾಡುವ ಮೊದಲು ನವೆಂಬರ್‌ನಲ್ಲಿ ಒಂದು ಬೆಳಗ್ಗೆ ಚಂದ್ರಂಪಳ್ಳಿಗೆ ಬಸ್ಸು ಕಳಿಸಲಿ, ತಾಂಡಾದ ಒಬ್ಬ ಹಿರಿಯನನ್ನು ಮುಂದೆ ಬಿಟ್ಟು ಮಕ್ಕಳನ್ನು ಹಿಂದೆ ನಡೆಸಲಿ ಎಂದು ನಮ್ಮ ಓಣಿಯ ಮಾಸ್ತರರಿಗೆ ಹೇಳಿದ್ದೇನೆ. ದಿನಗೂಲಿ ಎಷ್ಟು ಕೊಡಬೇಕೆಂದು ಅವರು ವಿಚಾರಿಸುತ್ತಿದ್ದಾರೆ.